ಬಳಸಿದ ಮೀನುಗಾರಿಕಾ ದೋಣಿ: ಕೊಳ್ಳುವ ಮುನ್ನ ಪರೀಕ್ಷಿಸಿ

ಹೊಸ ಯಾಂತ್ರೀಕೃತ ದೋಣಿಯನ್ನು ಕಟ್ಟಿಸುವ ಶಕ್ತಿ ಎಲ್ಲ ಮೀನುಗಾರ ಕುಟುಂಬಗಳಿಗೂ ಇರುವುದಿಲ್ಲ. ಆದ್ದರಿಂದ ಬಳಸಿದ ದೋಣಿಯನ್ನು ಕೊಂಡು ಕಸುಬು ನಡೆಸುವವರು ಅನೇಕರಿದ್ದಾರೆ. ರಸ್ತೆಯಲ್ಲಿ ಕೆಟ್ಟ ವಾಹನವನ್ನು ಬದಿಗೆ ನಿಲ್ಲಿಸಬಹುದು. ನಡುಗಡಲಿನಲ್ಲಿ ಆ ಅವಕಾಶವಿಲ್ಲ. ಹೊಸ ಬಣ್ಣವನ್ನು ಕಂಡು ಬೆಲೆ ಗೊತ್ತುಮಾಡುವುದು ಹಣಕ್ಕೂ ಜೀವಕ್ಕೂ ಅಪಾಯಕರ.

ನೀರಿನಲ್ಲಿ ತೇಲುತ್ತಿರುವ ದೋಣಿಯ ಮುಖ್ಯ ಭಾಗ ಕಣ್ಣಿಗೆ ಕಾಣುವುದಿಲ್ಲ. ಅದನ್ನು ದಡಕ್ಕೆ ಎಳೆಸಿಯೇ ನೋಡಬೇಕು. ಪಶ್ಚಿಮ ಕರಾವಳಿಯಲ್ಲಿ ಸಾಮಾನ್ಯವಾಗಿ ಜೂನ್ 1 ರಿಂದ ಜುಲೈ 31 ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15 ರಿಂದ ಜೂನ್ 14 ರವರೆಗೆ ಜಾರಿಯಲ್ಲಿರುವ ಮೀನುಗಾರಿಕಾ ನಿಷೇಧದ ಅವಧಿ ಇದಕ್ಕೆ ಅನುಕೂಲವಾದ ಕಾಲ.

ಮರದ ದೋಣಿಗೆ ಹಡಗುಹುಳುವೇ ದೊಡ್ಡ ಶತ್ರು. ಅದು ಮರಿಯಾಗಿದ್ದಾಗ ಸೂಜಿಮೊನೆಯಷ್ಟು ರಂಧ್ರದಿಂದ ಒಳಹೊಕ್ಕು, ಹಲಗೆಯೊಳಗೇ ಬೆಳೆಯುತ್ತ ಸುರಂಗ ಕೊರೆಯುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ಹಲಗೆ ಒಳಗೆ ಟೊಳ್ಳಾಗಿರಬಹುದು. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ಮರ ಸ್ಪಷ್ಟ ನಾದ ಕೊಡುತ್ತದೆ. ಕೆಟ್ಟ ಮರದ ಸದ್ದು ಮಂದ. ಫೈಬರ್ ಗ್ಲಾಸ್ ದೋಣಿಯಲ್ಲಿ ಬೊಬ್ಬೆ, ಬಿರುಕುಗಳನ್ನೂ, ಉಕ್ಕಿನ ದೋಣಿಯಲ್ಲಿ ತುಕ್ಕಿನಿಂದ ತೆಳುವಾದ ತಗಡನ್ನೂ ಹುಡುಕಬೇಕು. ತಗಡಿನ ದಪ್ಪವನ್ನು ತಜ್ಞರು ಶ್ರವಣಾತೀತ ಧ್ವನಿಯ ಉಪಕರಣದಿಂದ ಅಳೆಯಬಲ್ಲರು.

ಎಂಜಿನನ್ನು ತಣ್ಣಗಿರುವಾಗಲೇ ಚಾಲನೆ ಮಾಡಿಸಿ ನೋಡಬೇಕು. ಮಾರುವವರು ಅದನ್ನು ಮೊದಲೇ ಬಿಸಿ ಮಾಡಿಟ್ಟಿದ್ದರೆ ದೋಷ ಮರೆಯಾಗುವ ಸಂಭವವಿದೆ. ಎಡೆಬಿಡದೆ ಬರುವ ನೀಲಿ ಹೊಗೆ ಎಂಜಿನ್ ಎಣ್ಣೆ ಉರಿಯುತ್ತಿರುವುದರ ಸೂಚನೆ. ಕಪ್ಪು ಹೊಗೆ ಡೀಸೆಲ್ ಪೂರ್ಣವಾಗಿ ಉರಿಯದಿರುವುದರ ಗುರುತು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಬೆರೆತಿದೆಯೆಂದು ತಿಳಿಯಬೇಕು. ಬಳಿಕ ಒಂದೆರಡು ಗಂಟೆ ನೀರಿನಲ್ಲಿ ಓಡಿಸಿ, ಪ್ರೊಪೆಲ್ಲರ್ ದಂಡದ ಬಳಿ ಸೋರಿಕೆಯಿದೆಯೇ, ಚುಕ್ಕಾಣಿ ಸರಾಗವಾಗಿ ತಿರುಗುತ್ತದೆಯೇ ಎಂಬುದನ್ನು ಗಮನಿಸುವುದು ಅವಶ್ಯ.

ದಾಖಲೆಗಳ ಪರಿಶೀಲನೆಯೂ ಅಷ್ಟೇ ಮುಖ್ಯ. ನೋಂದಣಿ ಪತ್ರದಲ್ಲಿರುವ ಎಂಜಿನ್ ಸಂಖ್ಯೆ ಎಂಜಿನಿನ ಮೇಲಿರುವ ಸಂಖ್ಯೆಗೆ ತಾಳೆಯಾಗಬೇಕು. ದೋಣಿಯ ಮೇಲೆ ಸಾಲವಿದ್ದಲ್ಲಿ ಬ್ಯಾಂಕಿನಿಂದ ಬಾಕಿಯಿಲ್ಲವೆಂಬ ಪತ್ರವನ್ನು ಪಡೆಯತಕ್ಕದ್ದು. ಲೈಫ್ ಜಾಕೆಟ್, ಅಗ್ನಿಶಾಮಕ ಮುಂತಾದವು ಸುಸ್ಥಿತಿಯಲ್ಲಿವೆಯೇ ಎಂದು ನೋಡಬೇಕು. ಇಸ್ರೋ ಅಭಿವೃದ್ಧಿಪಡಿಸಿದ, ಉಪಗ್ರಹದ ಮೂಲಕ ಅಪಾಯದ ಸಂದೇಶ ಕಳುಹಿಸುವ ಸಾಧನ ದೋಣಿಯಲ್ಲಿದ್ದರೆ, ಅದರ ನೋಂದಣಿಯಲ್ಲಿ ಮಾಲೀಕರ ಹೆಸರನ್ನು ಕೂಡಲೇ ಬದಲಾಯಿಸಿಕೊಳ್ಳಬೇಕು. ಇಲ್ಲವಾದರೆ ಸಂಕಟದ ವೇಳೆ ರಕ್ಷಣಾ ಸಿಬ್ಬಂದಿ ಹಳೆಯ ಮಾಲೀಕರನ್ನು ವಿಚಾರಿಸಬೇಕಾದೀತು. ಸಮುದ್ರದಲ್ಲಿ ನೆರವಿಗಾಗಿ ಕರಾವಳಿ ಕಾವಲು ಪಡೆಯ ಶುಲ್ಕರಹಿತ ದೂರವಾಣಿ ಸಂಖ್ಯೆ 1554.

ಮುಂಗಡ ಕೊಡುವ ಮೊದಲು ಅನುಭವಿ ದೋಣಿ ಬಡಗಿಯನ್ನೂ ಎಂಜಿನ್ ಮೆಕ್ಯಾನಿಕ್‌ನನ್ನೂ ಜೊತೆಗೆ ಕರೆದೊಯ್ಯುವುದು ಸೂಕ್ತ. ಅವರಿಗೆ ಕೊಡುವ ಕೂಲಿ ದೋಣಿಯ ಬೆಲೆಯ ಅತ್ಯಲ್ಪ ಭಾಗ. ಆ ದೋಣಿಯನ್ನು ನಂಬಿ ಕಡಲಿಗಿಳಿಯುವವರ ಜೀವಕ್ಕೆ ಬೆಲೆ ಕಟ್ಟಲಾಗದು.