ದೊಡ್ಡ ಕರುಳಿನ ಚಪ್ಪಟೆ ದುರ್ಮಾಂಸ

ಮಳೆಗಾಲದಲ್ಲಿ ಹಳೆಯ ಮರವೊಂದರ ಬೊಡ್ಡೆಯನ್ನು ನೋಡಿದರೆ ಎರಡು ಬಗೆಯ ಬೆಳವಣಿಗೆಗಳು ಕಾಣುತ್ತವೆ. ಅಣಬೆಯು ತೊಟ್ಟಿನ ಮೇಲೆ ತಲೆಯೆತ್ತಿ ನಿಲ್ಲುವುದರಿಂದ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಕಲ್ಲುಹೂವಾದರೋ ತೊಗಟೆಗೆ ಅಂಟಿ ಹರಡಿರುತ್ತದೆ. ಹತ್ತಿರ ಹೋಗಿ ನೋಡಿದ ಹೊರತು ಅದು ಬೇರೆ, ತೊಗಟೆ ಬೇರೆ ಎಂದು ತಿಳಿಯದು. ನಮ್ಮ ದೊಡ್ಡ ಕರುಳಿನ ಒಳಮೈಯಲ್ಲಿಯೂ ಇಂಥ ಎರಡು ಬಗೆಯ ಬೆಳವಣಿಗೆಗಳುಂಟು. ಅವುಗಳಲ್ಲಿ ಎರಡನೆಯದರ ಕಡೆಗೆ ವೈದ್ಯಲೋಕದ ಲಕ್ಷ್ಯ ಹರಿದುದು ಬಹಳ ತಡವಾಗಿ.

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರು ಉದ್ದದ ನಳಿಗೆ. ಅದರ ಒಳಗನ್ನು ಹೊದೆದಿರುವ ಲೋಳೆಪೊರೆಯ ಜೀವಕಣಗಳು ಸದಾ ಸವೆದು ಉದುರುತ್ತಿರುತ್ತವೆ. ಕೆಲವೇ ದಿನಗಳಲ್ಲಿ ಹೊಸವು ಅವುಗಳ ಸ್ಥಾನವನ್ನು ತುಂಬುತ್ತವೆ. ಜೀವಕಣಗಳು ಹೀಗೆ ಒಡೆದು ಎರಡಾಗುವಾಗ ಒಮ್ಮೊಮ್ಮೆ ಅವುಗಳ ಜೀನುಗಳಲ್ಲಿ ತಪ್ಪು ನುಸುಳುವುದುಂಟು. ಆಗ ಬೆಳವಣಿಗೆಯ ಕಡಿವಾಣ ಸಡಿಲಿ ಅವು ಒಂದೆಡೆ ಗುಂಪುಗೂಡುತ್ತವೆ. ಈ ದುರ್ಮಾಂಸವನ್ನು ವೈದ್ಯರು 'ಅಡೆನೋಮ' ಎನ್ನುವರು. ಇದು ಕ್ಯಾನ್ಸರ್ ಅಲ್ಲ. ಇಂಥವುಗಳಲ್ಲಿ ಹೆಚ್ಚಿನವು ಎಂದಿಗೂ ಕ್ಯಾನ್ಸರ್ ಆಗುವುದೂ ಇಲ್ಲ. ಆದರೆ ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಬಹುಪಾಲು ಇವುಗಳಿಂದಲೇ ಹುಟ್ಟುತ್ತವೆ. ಈ ಮಾರ್ಪಾಟಿಗೆ ಸಾಮಾನ್ಯವಾಗಿ ಹತ್ತು ವರ್ಷಗಳಾದರೂ ಹಿಡಿಯುತ್ತದೆ. ಅಷ್ಟರೊಳಗೆ ಕಂಡು ತೆಗೆದುಹಾಕಿದರೆ ರೋಗವನ್ನು ಹುಟ್ಟುವ ಮೊದಲೇ ತಡೆದಂತಾಗುವುದು.

ಕಾಣುವುದೇ ಇಲ್ಲಿಯ ಸಮಸ್ಯೆ. ಅಣಬೆಯಂತೆ ಎದ್ದು ನಿಲ್ಲುವ 'ಪಾಲಿಪ್' ಗಳನ್ನೇ ಹುಡುಕಲು ವೈದ್ಯರು ಬಹುಕಾಲ ಕಲಿತಿದ್ದರು. 1985ರಲ್ಲಿ ಜಪಾನಿನ ಮುತೊ ಎಂಬ ವೈದ್ಯರೂ ಅವರ ಸಂಗಡಿಗರೂ ಚಿಕ್ಕ ಚಪ್ಪಟೆ ಅಡೆನೋಮಗಳನ್ನು ವಿವರವಾಗಿ ವರ್ಣಿಸಿದರು. ಇವು ಜಪಾನಿನವರಲ್ಲಿ ಮಾತ್ರ ಕಾಣುವಂಥವೆಂದು ಪಶ್ಚಿಮದ ಅನೇಕರು ಭಾವಿಸಿದರು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ಭಾವನೆಯನ್ನು ಅಲುಗಿಸಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ನಿವೃತ್ತ ಸೈನಿಕರ ಆಸ್ಪತ್ರೆಯೊಂದರಲ್ಲಿ, 1819 ಮಂದಿಯನ್ನು ಪರೀಕ್ಷಿಸಿದಾಗ ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚು ಜನರಲ್ಲಿ ಇಂಥ ಚಪ್ಪಟೆ ಅಥವಾ ತಗ್ಗಾದ ಬೆಳವಣಿಗೆಗಳು ಕಂಡುಬಂದವು. ಇವರಲ್ಲಿ ಬಹುಮಂದಿ ವಯಸ್ಸಾದ ಗಂಡಸರಾದುದರಿಂದ ಈ ಲೆಕ್ಕವನ್ನು ಎಲ್ಲರಿಗೂ ಅನ್ವಯಿಸಲಾಗದು. ಆದರೂ ಇವು ಜಪಾನಿಗೆ ಮೀಸಲಲ್ಲ, ಅಪರೂಪವೂ ಅಲ್ಲ ಎಂಬುದು ಸ್ಪಷ್ಟವಾಯಿತು.

ಇನ್ನು ಅಪಾಯದ ಮಾತು. ಅದೇ ಅಧ್ಯಯನದಲ್ಲಿ, ಗಾತ್ರದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಎದ್ದುನಿಂತ ಪಾಲಿಪುಗಳಿಗಿಂತ ಇವುಗಳಲ್ಲಿ ಕ್ಯಾನ್ಸರ್ ಅಡಗಿರುವ ಸಂಭವ ಸುಮಾರು ಹತ್ತು ಪಟ್ಟು ಹೆಚ್ಚೆಂದು ಕಂಡಿತು. ಆದರೆ ಚಪ್ಪಟೆಯವೆಲ್ಲ ಸಮನಾಗಿ ಅಪಾಯಕರವಲ್ಲ. ಸುತ್ತಲಿನ ಪೊರೆಗಿಂತ ಕೊಂಚ ಉಬ್ಬಿದವು ಅಷ್ಟು ಘೋರವಲ್ಲ. ನಡುವೆ ಕುಳಿಬಿದ್ದು ತಗ್ಗಾದವು ಅಪರೂಪವಾದರೂ ಅತ್ಯಂತ ಅಪಾಯಕರ. ಅಲ್ಲಿ ಕಂಡ ತಗ್ಗಾದವುಗಳಲ್ಲಿ ಮೂರರಲ್ಲೊಂದು ಪಾಲು ಆಗಲೇ ಕ್ಯಾನ್ಸರ್‌ಗೆ ತಿರುಗಿತ್ತು. ಅವು ಚಿಕ್ಕವಾಗಿರುವಾಗಲೇ ಕರುಳಿನ ಗೋಡೆಯೊಳಕ್ಕೆ ಇಳಿಯಬಲ್ಲವು. ಆದುದರಿಂದ ಗಾತ್ರವೊಂದನ್ನೇ ಅಪಾಯದ ಅಳತೆಗೋಲೆಂದು ನಾವು ನಂಬಲಾಗದು.

ಇವುಗಳನ್ನು ಕಾಣುವ ಬಗೆ ಹೇಗೆ? ತುದಿಯಲ್ಲಿ ಬೆಳಕೂ ಕ್ಯಾಮೆರವೂ ಇರುವ ಬಾಗುವ ಕೊಳವೆಯನ್ನು, ಎಂದರೆ ಕೊಲೊನೊಸ್ಕೋಪನ್ನು, ಕರುಳಿನೊಳಕ್ಕೆ ತೂರಿಸಿ ನಿಧಾನವಾಗಿ ಹಿಂದಕ್ಕೆಳೆಯುತ್ತ ನೋಡಬೇಕು. ಹೀಗೆ ಹಿಂದಕ್ಕೆಳೆಯಲು ಸರಾಸರಿ ಆರು ನಿಮಿಷ ಅಥವಾ ಹೆಚ್ಚು ಕಾಲ ತೆಗೆದುಕೊಂಡ ವೈದ್ಯರು, ಅವಸರಪಟ್ಟವರಿಗಿಂತ ಎರಡು ಪಟ್ಟಿಗೂ ಹೆಚ್ಚು ರೋಗಿಗಳಲ್ಲಿ ದುರ್ಮಾಂಸವನ್ನು ಕಂಡರೆಂದು 2006ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಸಂಶಯ ಬಂದೆಡೆ 'ಇಂಡಿಗೊ ಕಾರ್ಮಿನ್' ಎಂಬ ನೀಲಿ ಬಣ್ಣವನ್ನು ಚಿಮುಕಿಸುವರು. ಪೊರೆಯು ಅದನ್ನು ಹೀರಿಕೊಳ್ಳದು. ಬಣ್ಣವು ತಗ್ಗುಗಳಲ್ಲಿ ನಿಂತು ಅಂಚನ್ನು ಎತ್ತಿ ತೋರಿಸುತ್ತದೆ. ಸವೆದ ಶಿಲಾಶಾಸನಕ್ಕೆ ಸೀಮೆಸುಣ್ಣದ ಪುಡಿ ಸವರಿದಾಗ ಅಕ್ಷರಗಳು ಸ್ಪಷ್ಟವಾಗುವಂತೆಯೇ ಇದು. ಅನಂತರ ಅಡಿಯಲ್ಲಿ ದ್ರವವನ್ನು ಚುಚ್ಚಿ, ಚಪ್ಪಟೆಯಾದುದನ್ನು ಉಬ್ಬಿಸಿ, ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆಯಬಹುದು.

ವೈದ್ಯರ ತಾಳ್ಮೆಯಷ್ಟೇ ಸಾಲದು. ಕರುಳು ಶುಚಿಯಾಗಿರದಿದ್ದರೆ ಎಂಥ ಚುರುಕು ಕಣ್ಣಿಗೂ ಚಪ್ಪಟೆ ದುರ್ಮಾಂಸ ಕಾಣದು. ಪರೀಕ್ಷೆಯ ಹಿಂದಿನ ದಿನದ ಪಥ್ಯವನ್ನೂ ಭೇದಿಯ ಔಷಧವನ್ನೂ ನಮ್ಮ ಮನೆಯ ಹಿರಿಯರು ಬೇಸರದಿಂದ ಅರ್ಧಕ್ಕೆ ಬಿಡದಂತೆ ನಾವು ನೋಡಿಕೊಳ್ಳಬೇಕು. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ನಾಚಿಕೆಯಿಂದ ಸುಮ್ಮನಿರುವುದೂ ತರವಲ್ಲ. ಈ ದುರ್ಮಾಂಸವು ಬಹುತೇಕ ನೋವನ್ನೇ ಕೊಡುವುದಿಲ್ಲ. ನೋವು ಬರಲೆಂದು ಕಾಯುತ್ತ ಕುಳಿತರೆ ಅದಕ್ಕೆ ಬೇಕಾದ ವರ್ಷಗಳನ್ನು ನಾವೇ ಕೊಟ್ಟಂತಾಗುತ್ತದೆ.