ಮಾರ್ಫಾದ ಸೇಬು, ಇಂಡಿಯ ಲಿಂಬೆ

ವಿಜಯಪುರ ಜಿಲ್ಲೆಯ ನಮಗೆ ರಸ್ತೆ ಎಂದರೆ ನೇರ. ಸಿಂದಗಿಯಿಂದ ವಿಜಯಪುರಕ್ಕೆ 60 ಕಿ.ಮೀ., ಬಸ್ಸಿನಲ್ಲಿ ಒಂದೂವರೆ ಗಂಟೆ. ಎರಡೂ ಬದಿ ತೊಗರಿ, ಹತ್ತಿ, ಜೋಳ. ನೇಪಾಳದ ಬೇನಿಯಿಂದ ಜೋಮ್ಸೋಮ್‌ಗೆ ಅದಕ್ಕಿಂತ ತುಸು ಹೆಚ್ಚು ದೂರ ಅಷ್ಟೇ. ಆ ದಾರಿಗೆ ನಮಗೆ ಒಂದಿಡೀ ಹಗಲು ಹಿಡಿಯಿತು.

ದಸರಾ ರಜೆಯಲ್ಲಿ ಹೊರಟವರು ನಾವು ನಾಲ್ವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಹೀಗೆ ತಾಲ್ಲೂಕಿಗೊಬ್ಬರು, ಒಂದೇ ಕ್ಲಾಸಿನ ಸಿವಿಲ್ ವಿದ್ಯಾರ್ಥಿಗಳು. ಸೊಲ್ಲಾಪುರದಿಂದ ರೈಲು ಬದಲಿಸುತ್ತ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ ಗಡಿ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿ ಸಾಕು. ನಮ್ಮ 100 ರೂಪಾಯಿ ಅಲ್ಲಿ 160 ಆಗುತ್ತದೆ, ನಮ್ಮ ಗಡಿಯಾರಕ್ಕಿಂತ ಅವರದು 15 ನಿಮಿಷ ಮುಂದೆ. ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದುದರಿಂದ ಪೊಖರಾವರೆಗೆ ಊಟಕ್ಕೆ ಜೇಬಿಗೆ ಕೈ ಹಾಕಲಿಲ್ಲ.

ಪೊಖರಾದಲ್ಲಿ ಸರೋವರಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಕೋಚಿಂಗ್ ಸೆಂಟರ್ ಬೋರ್ಡುಗಳು. ನಮ್ಮಲ್ಲಿ ಪಿಎಸ್‌ಐ, ಎಫ್‌ಡಿಎ ಎಂದಿದ್ದರೆ ಅಲ್ಲಿ ಕೊರಿಯನ್ ಭಾಷೆ. ಆ ಪರೀಕ್ಷೆ ಪಾಸಾದರೆ ದಕ್ಷಿಣ ಕೊರಿಯಾದ ಕಾರ್ಖಾನೆಯಲ್ಲೋ ಹೊಲದಲ್ಲೋ ಕೆಲಸಕ್ಕೆ ದಾರಿ. ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ನೇಪಾಳದ ಒಟ್ಟು ಉತ್ಪನ್ನದ ಹೆಚ್ಚುಕಡಿಮೆ ಕಾಲು ಭಾಗದಷ್ಟಿದೆ.

ಬೇನಿ ದಾಟಿದ ಮೇಲೆ ರಸ್ತೆ ಕಾಳಿ ಗಂಡಕಿ ನದಿಯ ಜೊತೆ ಮೇಲೇರುತ್ತದೆ. ಒಂದು ಕಡೆ ಧೌಲಗಿರಿ, ಇನ್ನೊಂದು ಕಡೆ ಅನ್ನಪೂರ್ಣ. ಎರಡೂ 8,000 ಮೀಟರ್ ಮೀರಿದ ಶಿಖರಗಳು. ಮಳೆಗಾಲದಲ್ಲಿ ಕುಸಿದ ಗುಡ್ಡದ ಮಣ್ಣು ಇನ್ನೂ ರಸ್ತೆ ಮೇಲಿತ್ತು. ಎರಡು ಕಡೆ ಜೆಸಿಬಿ ಅದನ್ನು ಬಾಚಿ ತೆಗೆಯುವವರೆಗೆ ಕಾದೆವು. ತಂತಿ ಬಲೆಯೊಳಗೆ ಕಲ್ಲು ತುಂಬಿ ಕಟ್ಟುವ ಗೇಬಿಯನ್ ಗೋಡೆ ನಮಗೆ ಪರೀಕ್ಷೆಯ ಐದು ಅಂಕದ ಪ್ರಶ್ನೆ. ಇಲ್ಲಿ ನಮ್ಮ ಜೀಪು ನಿಂತಿದ್ದ ಅಂಚನ್ನು ಹಿಡಿದಿದ್ದುದೇ ಆ ಗೋಡೆ. ಕಲ್ಲುಗಳ ಸಂದಿಯಿಂದ ನೀರು ಸೋರುತ್ತಿತ್ತು. ಹಾಗೆ ಸೋರಲೇಬೇಕು. ನೀರು ಹಿಂದೆ ನಿಂತರೆ ಅದರ ಒತ್ತಡಕ್ಕೆ ಗೋಡೆಯೇ ಹೊರಳಿಬಿಡುತ್ತದೆ.

ಜೀಪಿನ ಡ್ರೈವರ್ ನಮಗಿಂತ ನಾಲ್ಕೈದು ವರ್ಷ ದೊಡ್ಡವನು. ಮೂರು ವರ್ಷ ಕತಾರ್‌ನಲ್ಲಿ ದುಡಿದ ಹಣಕ್ಕೆ ಸಾಲ ಕೂಡಿಸಿ ಈ ಗಾಡಿ ಕೊಂಡಿದ್ದ. ‘ರೋಡ್ ಆಯ್ತು, ಅದಕ್ಕೇ ವಾಪಸ್ ಬಂದೆ’ ಎಂದು ಹಿಂದಿಯಲ್ಲಿ ಹೇಳಿದ. ನಿನ್ನ ವಾರಿಗೆಯವರು ಊರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂದು ಕೇಳಿದರೆ, ಸ್ಟೇರಿಂಗ್‌ನಿಂದ ಕೈ ತೆಗೆದು ಮೂರು ಬೆರಳು ತೋರಿಸಿದ. (ಆ ತಿರುವಿನಲ್ಲಿ ಕೈ ತೆಗೆಯಬಾರದಿತ್ತು!) ನನಗೆ ನಮ್ಮ ಕಡೆಯ ತಾಂಡಾಗಳು ನೆನಪಾದವು. ಗೋವಾಕ್ಕೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋದವರ ಮನೆಗಳಲ್ಲಿ ಉಳಿಯುವುದು ಅಜ್ಜ, ಅಜ್ಜಿ, ಮೊಮ್ಮಕ್ಕಳು. ನಮ್ಮಲ್ಲಿ ರಸ್ತೆ ಎಂದೋ ಬಂದಿದೆ. ಹಾಗಾದರೆ ಜನ ಯಾಕೆ ಹೋಗುತ್ತಾರೆ?

ಉತ್ತರದ ಒಂದು ತುಣುಕು ಮಾರ್ಫಾದಲ್ಲಿ ಸಿಕ್ಕಿತು. ಜೋಮ್ಸೋಮ್‌ಗಿಂತ ಸ್ವಲ್ಪ ಮೊದಲು ಸಿಗುವ ಹಳ್ಳಿ. ಸುಣ್ಣ ಬಳಿದ ಕಲ್ಲಿನ ಮನೆಗಳು, ಮಾಳಿಗೆಯ ಅಂಚಿಗೆ ಒಪ್ಪವಾಗಿ ಪೇರಿಸಿದ ಕಟ್ಟಿಗೆ, ಚಪ್ಪಡಿ ಹಾಸಿದ ಓಣಿ. ಚಪ್ಪಡಿ ಕೆಳಗೇ ಚರಂಡಿ ಹರಿಯುತ್ತದೆ, ಮೇಲೆ ಹನಿ ಕೊಳೆ ಕಾಣುವುದಿಲ್ಲ. 1966ರಲ್ಲಿ ಇಲ್ಲಿ ಸರ್ಕಾರಿ ತೋಟಗಾರಿಕಾ ಕೇಂದ್ರ ಶುರುವಾಗಿ ಸೇಬು ಬೆಳೆ ಬೇರೂರಿತು. ಆದರೆ ಆಗ ರಸ್ತೆ ಇರಲಿಲ್ಲ. ಹೇಸರಗತ್ತೆ ಮೇಲೆ ದಿನಗಟ್ಟಲೆ ಹೊತ್ತು ಸಾಗಿಸಿದರೆ ಹಣ್ಣಿಗಿಂತ ಬಾಡಿಗೆಯೇ ಜಾಸ್ತಿ. ಹೀಗಾಗಿ ಜನ ಸೇಬನ್ನು ಹೋಳು ಮಾಡಿ ಒಣಗಿಸಿದರು, ಜಾಮ್ ಮಾಡಿದರು, ಬ್ರಾಂದಿ ಇಳಿಸಿದರು. ಈಗ ಹಸಿ ಹಣ್ಣು ಗಾಡಿಯಲ್ಲಿ ಪೊಖರಾಕ್ಕೆ ಹೋಗುತ್ತದೆ. ಒಣಗಿಸುವುದನ್ನು ಮಾತ್ರ ಅವರು ಬಿಟ್ಟಿಲ್ಲ. ನಾವು ಉಳಿದ ಮನೆಯ ಅಮ್ಮ ಕಾರಣ ಹೇಳಿದರು: ‘ಗುಡ್ಡ ಕುಸಿದರೆ ಹಸಿ ಹಣ್ಣು ದಾರಿಯಲ್ಲೇ ಕೊಳೆಯುತ್ತದೆ. ಒಣಗಿದ್ದು ಕಾಯುತ್ತದೆ.’

ಇದನ್ನು ಎಲ್ಲರಿಗಿಂತ ಕಿವಿಗೊಟ್ಟು ಕೇಳಿದವನು ಇಂಡಿಯ ಗೆಳೆಯ. ಅವನ ಅಪ್ಪನದು ಮೂರು ಎಕರೆ ಲಿಂಬೆ ತೋಟ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು, ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಆದರೂ ಬೇಸಿಗೆಯಲ್ಲಿ ಬಂಗಾರವಾಗುವ ಹಣ್ಣು ಮಳೆಗಾಲದಲ್ಲಿ ಹರಿಯುವ ಕೂಲಿಗೂ ಸಾಲದು. ‘ತ್ವಾಟ ಮಾರಿ ಬೆಂಗಳೂರಾಗ ಸೈಟ್ ತೊಗೊಳೋಣ’ ಎಂದು ಮನೆಯಲ್ಲಿ ಮಾತು ನಡೆದಿದೆ. ಆ ರಾತ್ರಿ ಅವನು ಅಮ್ಮನ ಅಡುಗೆಮನೆಯಲ್ಲಿ ಕೂತು ಹೋಳಿನ ದಪ್ಪ, ಬಿಸಿಲಿನ ದಿನ, ಒಣಗಿದ ಮೇಲಿನ ತೂಕ ಎಲ್ಲವನ್ನೂ ಬರೆದುಕೊಂಡ. ಸರ್ವೆ ಕ್ಯಾಂಪಿನಲ್ಲಿ ಅವನು ಇಷ್ಟು ನಿಷ್ಠೆಯಿಂದ ಅಳತೆ ಬರೆದದ್ದನ್ನು ನಾನು ನೋಡಿಲ್ಲ.

ಮರುದಿನ ಮುಕ್ತಿನಾಥಕ್ಕೂ ಹೋದೆವು. 108 ನೀರಿನ ಧಾರೆಗಳ ಕೆಳಗೆ ಓಡಿ ಹಲ್ಲು ಕಟಕಟಿಸಿದ್ದಾಯಿತು. ಅದರ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ, ಬಿಡಿ.

ಊರಿಗೆ ಬಂದ ವಾರದಲ್ಲೇ ಗೆಳೆಯ ಮಾಳಿಗೆ ಮೇಲೆ ಹತ್ತು ಕಿಲೋ ಲಿಂಬೆ ಹೆಚ್ಚಿ ಒಣಹಾಕಿದ. ಮೊದಲ ಸಲದ್ದು ಕಪ್ಪಾಯಿತು. ಎರಡನೆಯ ಸಲ ಹೋಳು ತೆಳ್ಳಗೆ ಮಾಡಿದ್ದಾನೆ. ‘ಹಣ್ಣು ಹಾಳು ಮಾಡಾಕತ್ತೀಯಲ್ಲೋ’ ಎಂದು ಅವನ ಅಪ್ಪ ಬೈಯುತ್ತಲೇ ಇದ್ದರಂತೆ. ಮೊನ್ನೆ ರಾತ್ರಿ ಹಿಂಗಾರಿ ಮಳೆ ಬಂದಾಗ ಎದ್ದು ಹೋಗಿ ತಾಡಪತ್ರಿ ಹೊದಿಸಿದ್ದು ಮಾತ್ರ ಅವರೇ.