ದುರ್ಗದ ನಾಯಕರು: ತಪ್ಪು ಕಲ್ಪನೆ ಮತ್ತು ಸತ್ಯ

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಯಾರೂ ಚಿತ್ರದುರ್ಗ ಎಂದು ಪೂರ್ತಿ ಹೇಳುವುದಿಲ್ಲ, ದುರ್ಗ ಎಂದರೆ ಸಾಕು. ಅಲ್ಲಿನ ಪಾಳೆಯಗಾರರ ಮೇಲೆ ಈ ಸೀಮೆಗೆ ಇರುವ ಅಭಿಮಾನ ದೊಡ್ಡದು. ಆದರೆ ಕಾದಂಬರಿ, ಸಿನಿಮಾ, ಜಯಂತಿ ಭಾಷಣಗಳ ದಾರಿಯಲ್ಲಿ ಕೆಲವು ಅರೆಸತ್ಯಗಳೂ ಆ ಅಭಿಮಾನದೊಳಗೆ ಸೇರಿಕೊಂಡಿವೆ.

ತಪ್ಪು ಕಲ್ಪನೆ 1: ಈ ನಾಡಿನ ಚರಿತ್ರೆ ನಾಯಕರಿಂದಲೇ ಶುರು, ಕೋಟೆ ಕಟ್ಟಿಸಿದ್ದು ಮದಕರಿ ನಾಯಕ.

ಸತ್ಯ: ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು. ಇಸಿಲ ಎಂಬ ಊರಿನಲ್ಲಿ ಮೌರ್ಯರ ಅಧಿಕಾರಿಗಳಿದ್ದರೆಂದು ಅವು ಹೇಳುತ್ತವೆ. ಅಂದರೆ ನಾಯಕರಿಗಿಂತ ಸುಮಾರು ಎರಡು ಸಾವಿರ ವರ್ಷ ಮೊದಲೇ ಇಲ್ಲಿ ಆಡಳಿತವಿತ್ತು. ದುರ್ಗದ ಕೋಟೆಯೂ ಒಬ್ಬರ ಕಾಲದ್ದಲ್ಲ. ಬೆಟ್ಟದ ಮೇಲೆ ನಾಯಕರಿಗಿಂತ ಹಳೆಯ ಗುಡಿಗಳಿವೆ. ನಾಯಕರು ತಲೆಮಾರುಗಳ ಕಾಲ ಕೋಟೆಯನ್ನು ಬೆಳೆಸಿದರು, ಆಮೇಲೆ ಮೈಸೂರಿನ ಹೈದರ್ ಮತ್ತು ಟಿಪ್ಪು ಅದನ್ನು ಮತ್ತಷ್ಟು ಬಲಪಡಿಸಿದರು.

ತಪ್ಪು ಕಲ್ಪನೆ 2: ಮದಕರಿ ನಾಯಕ ಎಂದರೆ ಒಬ್ಬನೇ ರಾಜ.

ಸತ್ಯ: ಆ ಹೆಸರು ವಂಶದಲ್ಲಿ ಮತ್ತೆ ಮತ್ತೆ ಬರುತ್ತದೆ. 17ನೇ ಶತಮಾನದಲ್ಲಿ 1652ರಿಂದ 1674ರವರೆಗೆ ಆಳಿದ ಮದಕರಿ ಒಬ್ಬ. 1721ರಲ್ಲಿ ಪಟ್ಟವೇರಿ 1748ರಲ್ಲಿ ಮಾಯಕೊಂಡದ ಕಾಳಗದಲ್ಲಿ ಮಡಿದ ಹಿರೇ ಮದಕರಿ ಇನ್ನೊಬ್ಬ. ತ.ರಾ.ಸು. ಅವರ ‘ದುರ್ಗಾಸ್ತಮಾನ’ದ ನಾಯಕನಾಗಿ ನಮ್ಮ ಮನಸ್ಸಿನಲ್ಲಿ ಉಳಿದಿರುವವನು 1758ರಿಂದ 1779ರವರೆಗೆ ಆಳಿದ ಕೊನೆಯ ಮದಕರಿ. ಮೂವರ ಸಾಹಸವನ್ನೂ ಒಬ್ಬನ ತಲೆಗೆ ಕಟ್ಟಿದರೆ ಉಳಿದಿಬ್ಬರಿಗೆ ಅನ್ಯಾಯ.

ತಪ್ಪು ಕಲ್ಪನೆ 3: ದುರ್ಗ ಮೊದಲಿನಿಂದಲೂ ಯಾರಿಗೂ ತಲೆಬಾಗದ ಸ್ವತಂತ್ರ ರಾಜ್ಯ.

ಸತ್ಯ: 1568ರ ಹೊತ್ತಿಗೆ ಇಲ್ಲಿ ನೆಲೆಯೂರಿದ ತಿಮ್ಮಣ್ಣ ನಾಯಕ ವಿಜಯನಗರದ ಅಧೀನ ನಾಯಕ. 1565ರ ತಾಳಿಕೋಟೆಯ ಸೋಲಿನ ನಂತರ ವಿಜಯನಗರ ಸೊರಗಿದಂತೆಲ್ಲ ದುರ್ಗ ಬಲಿಯಿತು. ಮುಂದೆಯೂ ಸಿರಾದ ಮೊಗಲರಿಗೆ, ಮರಾಠರಿಗೆ, ಮೈಸೂರಿಗೆ ಕಾಲಕ್ಕೆ ತಕ್ಕಂತೆ ಕಪ್ಪ ಕೊಟ್ಟದ್ದುಂಟು, ನಿಲ್ಲಿಸಿದ್ದೂ ಉಂಟು. ಇದು ಹೇಡಿತನವಲ್ಲ, ದೊಡ್ಡವರ ನಡುವೆ ಸಣ್ಣ ರಾಜ್ಯ ಬಾಳುವ ಬಗೆ.

ತಪ್ಪು ಕಲ್ಪನೆ 4: ನಡೆದದ್ದೆಲ್ಲ ಏಳು ಸುತ್ತಿನ ಕೋಟೆಯೊಳಗೆ, ಬಯಲಿಗೆ ಪಾತ್ರವಿಲ್ಲ.

ಸತ್ಯ: ದುರ್ಗದ ಹೆಸರು ಮೊಗಲ್ ದರ್ಬಾರಿನವರೆಗೂ ಮುಟ್ಟಿದ ಘಟನೆ ನಡೆದದ್ದು ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯಲ್ಲಿ, 1695ರ ಕೊನೆಯಲ್ಲಿ. ಮರಾಠ ಸೇನಾಪತಿ ಸಂತಾಜಿ ಘೋರ್ಪಡೆಯನ್ನು ತಡೆಯಲು ಔರಂಗಜೇಬನ ಸರದಾರ ಖಾಸಿಂ ಖಾನ್ ಬಂದಿದ್ದ. ಆಗ ದುರ್ಗವನ್ನು ಆಳುತ್ತಿದ್ದವನು ಬಿಚ್ಚುಗತ್ತಿ ಬರಮಣ್ಣ ನಾಯಕ. ಖಾಸಿಂ ಖಾನನ ಮೇಲೆ ಹಳೆಯ ಸಿಟ್ಟಿದ್ದ ಅವನು ತನ್ನ ಬೇಡ ಪಡೆಯೊಂದಿಗೆ ಸಂತಾಜಿಯ ಜೊತೆ ನಿಂತ. ಮೊಗಲ್ ಸೈನ್ಯ ದಿಕ್ಕೆಟ್ಟು ದೊಡ್ಡೇರಿಯ ಪುಟ್ಟ ಕೋಟೆಯೊಳಗೆ ನುಗ್ಗಿತು. ಅಷ್ಟು ಜನಕ್ಕೆ ಅಲ್ಲಿ ಕಾಳೂ ಇರಲಿಲ್ಲ, ಮೇವೂ ಇರಲಿಲ್ಲ. ಹಸಿದ ದನಗಳು ಗುಡಿಸಲ ಮೇಲಿನ ಹುಲ್ಲನ್ನೇ ಎಳೆದು ತಿಂದವು. ಅಫೀಮಿನ ಚಟವಿದ್ದ ಖಾಸಿಂ ಖಾನ್ ಅಲ್ಲೇ ಸತ್ತ. ಅಫೀಮು ಸಿಗದೆ ಸತ್ತನೆಂದು ಕೆಲವರು, ಅವಮಾನ ತಾಳದೆ ವಿಷ ಕುಡಿದನೆಂದು ಕೆಲವರು ಬರೆದಿದ್ದಾರೆ. ಉಳಿದ ಸರದಾರರು 20 ಲಕ್ಷ ರೂಪಾಯಿ ಒಪ್ಪಿಕೊಂಡು, ಇದ್ದ ಸರಂಜಾಮನ್ನೆಲ್ಲ ಬಿಟ್ಟು ಜೀವ ಉಳಿಸಿಕೊಂಡರು.

ನಾಯಕರ ಪಡೆಗೆ ಜನ ಬರುತ್ತಿದ್ದದ್ದೂ ಈ ಬಯಲಿನ ಹಟ್ಟಿಗಳಿಂದ. ದನಗಾಹಿ ಮ್ಯಾಸಬೇಡರು ಇಂದಿಗೂ ಇಲ್ಲಿ ದೇವರ ಎತ್ತುಗಳನ್ನು ಸಾಕುತ್ತಾರೆ. ಅವುಗಳನ್ನು ಕಾಯುವ ಕಿಲಾರಿಗೆ ಊರಲ್ಲಿ ಗೌರವವಿದೆ. ಬಯಲಿನ ಅಧಿಕಾರವೂ ದುರ್ಗದ ಕೋಟೆಯೊಂದರಲ್ಲೇ ಇರಲಿಲ್ಲ: ನಾಯಕನಹಟ್ಟಿಯಲ್ಲಿ ಬೇರೆಯೇ ಪಾಳೆಯಗಾರರಿದ್ದರು. ಮೊಳಕಾಲ್ಮೂರಿನ ಗುಡ್ಡದ ಕೋಟೆ ರಾಯದುರ್ಗದವರಿಂದ ದುರ್ಗದ ಕಡೆಗೆ ಬಂದದ್ದು.

ತಪ್ಪು ಕಲ್ಪನೆ 5: ಓಬವ್ವ ಸಿನಿಮಾದವರ ಸೃಷ್ಟಿ.

ಸತ್ಯ: 1972ರ ‘ನಾಗರಹಾವು’ ಚಿತ್ರ ಒನಕೆ ಹಿಡಿದ ಓಬವ್ವನನ್ನು ನಾಡಿಗೆಲ್ಲ ಪರಿಚಯಿಸಿದ್ದು ನಿಜ, ಆದರೆ ಕಥೆ ಅದಕ್ಕಿಂತ ಹಳೆಯದು. ಕೋಟೆಯ ಕಹಳೆಯವನ ಹೆಂಡತಿ ಓಬವ್ವ ಕಿಂಡಿಯಲ್ಲಿ ನುಸುಳಿದ ಹೈದರನ ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ಬಡಿದಳೆಂಬುದು ದುರ್ಗದ ಬಾಯಿಮಾತಿನ ಪರಂಪರೆ. ಕಿಂಡಿ ಈಗಲೂ ಇದೆ. ಇದನ್ನು ಜನರ ನೆನಪೆಂದು ಗೌರವಿಸಬೇಕೇ ಹೊರತು ಕಟ್ಟುಕಥೆಯೆಂದು ತಳ್ಳಬಾರದು. ಶಾಸನದ ಮಾತಿನಂತೆ ಸಾಧಿಸಲು ಹೋಗುವುದೂ ಬೇಡ.

ತಪ್ಪು ಕಲ್ಪನೆ 6: ದುರ್ಗ ಬಿದ್ದದ್ದು ಬರೀ ದ್ರೋಹದಿಂದ, ಅದು ಹಿಂದೂ–ಮುಸ್ಲಿಂ ಯುದ್ಧ.

ಸತ್ಯ: ನಾಯಕರ ಸೇವೆಯಲ್ಲಿದ್ದ ಮುಸ್ಲಿಂ ಸಿಪಾಯಿಗಳು ಕೊನೆಯಲ್ಲಿ ಕೈಕೊಟ್ಟರೆಂದು ರೈಸ್ ಬರೆಯುತ್ತಾರೆ. ಆದರೆ ಮುಸ್ಲಿಮರೂ ನಾಯಕರ ಪಡೆಯಲ್ಲಿದ್ದರೆಂಬುದನ್ನು ಅದೇ ಮಾತು ಹೇಳುತ್ತದೆ. ಮಾಯಕೊಂಡದಲ್ಲಿ ಹಿರೇ ಮದಕರಿಯ ಪಕ್ಕ ಕಾದಾಡಿದವನು ಮುಸ್ಲಿಂ ಸರದಾರ ಚಂದಾ ಸಾಹೇಬ, ಎದುರಿಗಿದ್ದದ್ದು ಬಿದನೂರು, ಹರಪನಹಳ್ಳಿಯ ಪಡೆಗಳು. ಕೊನೆಯ ಮದಕರಿಯೂ ಒಂದು ಕಾಲಕ್ಕೆ ಹೈದರನ ಜೊತೆಗಾರನೇ. 1777ರ ಮುತ್ತಿಗೆಯನ್ನು ಹೈದರ್ ತೆಗೆದದ್ದು ಮರಾಠರು ಬರುವ ಸುದ್ದಿ ಕೇಳಿ. 1779ರಲ್ಲಿ ಹೈದರ್ ಮತ್ತೆ ಮುತ್ತಿದಾಗ ಹಾಗೆ ನೆರವಿಗೆ ಬರುವವರು ಇರಲಿಲ್ಲ. ನೆರೆಯ ಪಾಳೆಯಗಾರರೊಂದಿಗೆ ತಲೆಮಾರುಗಳ ಹಗೆ ದುರ್ಗವನ್ನು ಒಂಟಿ ಮಾಡಿತ್ತು. ಕೋಟೆ ಬಿತ್ತು, ಮದಕರಿ ಸೆರೆಯಾಗಿ ಶ್ರೀರಂಗಪಟ್ಟಣ ಸೇರಿದ. ಸಾವಿರಾರು ಬೇಡರನ್ನೂ ಅಲ್ಲಿಗೆ ಸಾಗಿಸಿದರು.

ದುರ್ಗವನ್ನು ಎತ್ತಿದ್ದು ಬಯಲಿನ ಜನ ಮತ್ತು ಕಾಲ ನೋಡಿ ಕಟ್ಟಿದ ಸ್ನೇಹಗಳು. ಆ ಸ್ನೇಹಗಳು ಮುರಿದಾಗ ಏಳು ಸುತ್ತಿನ ಕಲ್ಲೂ ಕಾಯಲಿಲ್ಲ. ಮಕ್ಕಳನ್ನು ಕೋಟೆ ನೋಡಲು ಕರೆದೊಯ್ಯುವ ಮೇಷ್ಟ್ರುಗಳು, ಪೋಷಕರು ಹಾಗೆಯೇ ದೊಡ್ಡೇರಿಗೂ ಬ್ರಹ್ಮಗಿರಿಗೂ ಒಮ್ಮೆ ಹೋಗಿಬನ್ನಿ.